ಬೆನ್ನ ಹಿಂದೆ ನಿಂತು ಕರೆದರೆ

ಚನ್ನಪಟ್ಟಣ
20-1-2025

ಚಿಕ್ಕಲಕ್ಷ್ಮಿಗೆ,

ನಿನ್ನ ಅಕ್ಕ ನಾಗಲಕ್ಷ್ಮಿ ಬರೆಯುತ್ತಿದ್ದೇನೆ. ಕೆಂಗಲ್ ಹತ್ತಿರ ಬಸ್ಸು ಕೆಟ್ಟು ಮುಕ್ಕಾಲು ಗಂಟೆ ಬಿಸಿಲಲ್ಲಿ ನಿಂತಿದ್ದು ಬಿಟ್ಟರೆ ಸುಖವಾಗಿ ಊರು ಸೇರಿದೆ. ನಾನು ಸೇರಿದೆನೋ ಇಲ್ಲವೋ ಅಂತ ನೀನು ಫೋನ್ ಮಾಡಿದ್ದೆಯಂತೆ. ಗೊಂಬೆ ಅಂಗಡಿಯಲ್ಲಿ ನನ್ನ ಪಕ್ಕದ ಮೆಷಿನ್ನಿನಲ್ಲಿ ಕಡೆಯುವ ಅಮೀರುನ್ನೀಸಾ ಹೇಳಿದಳು. ನನಗೆ ಫೋನ್ ಮಾಡಬೇಡ ಅಂತ ಇನ್ನೆಷ್ಟು ಸಲ ಹೇಳಬೇಕು? ಎಂಟು ವರ್ಷದಿಂದ ಫೋನಲ್ಲಿ ನನಗೆ ಕೇಳಿಸುವುದು ಬರೀ ಗುಂಯ್ ಅನ್ನುವ ಸದ್ದು. ಏನಿದ್ದರೂ ಬರೆ. ಏಳನೇ ಕ್ಲಾಸು ಪಾಸು ಮಾಡಿದವಳು ನೀನು, ಕೈ ಸವೆದು ಹೋಗುವುದಿಲ್ಲ.

ಈಗ ಮುಖ್ಯ ವಿಷಯ. ಹಬ್ಬದ ದಿನ ಎಲ್ಲರೆದುರಿಗೆ ಹೇಳಲಾರದೆ ನುಂಗಿಕೊಂಡು ಬಂದೆ.

ಸಂಕ್ರಾಂತಿ ದಿನ ನೀನು ಅಡುಗೆಮನೆಯಲ್ಲಿ ಇಡ್ಲಿ ಪಾತ್ರೆಯ ಮುಚ್ಚಳ ಬೀಳಿಸಿದೆಯಲ್ಲ, ಆಗ ನಾನು ತೊಟ್ಟಿಲ ಹತ್ತಿರವೇ ಕೂತಿದ್ದೆ. ನಿನ್ನ ಮಗಳು ದಿವ್ಯ ಬೆಚ್ಚಿಬಿದ್ದಳು. ನಿನ್ನ ಯಜಮಾನರು ಮರಿಯಪ್ಪನವರು ಜಗುಲಿಯಿಂದ ಎದ್ದು ಬಂದು, "ಏನಮ್ಮಿ ಅದು, ಮನೆ ಬಿದ್ದೋಯ್ತಾ?" ಅಂದರು. ಅವರ ತುಟಿ ನೋಡಿ ತಿಳಿದುಕೊಂಡೆ. ತೊಟ್ಟಿಲಲ್ಲಿ ಪುಟ್ಟಿ ಎಚ್ಚರವಾಗೇ ಇದ್ದಳು. ರೆಪ್ಪೆ ಕೂಡ ಮಿಟುಕಿಸಲಿಲ್ಲ. (ಜನ್ವಿತಾ ಅಂತ ಇಟ್ಟಿದ್ದೀರಿ, ನನ್ನ ಬಾಯಿಗೆ ಆ ಹೆಸರು ಹೊರಳುವುದಿಲ್ಲ. ನನಗೆ ಅವಳು ಪುಟ್ಟಿಯೇ.)

ಅದೊಂದೇ ಆಗಿದ್ದರೆ ಸುಮ್ಮನಿರುತ್ತಿದ್ದೆ. ಮೂರು ದಿನ ನೋಡಿದೆ. ಎದುರಿಗೆ ಹೋದರೆ ಕಾಲು ಬಡಿದು ನಗುತ್ತಾಳೆ. ಹಿಂದಿನಿಂದ ದಿವ್ಯ ಎಷ್ಟು ಮುದ್ದಾಗಿ ಕರೆದರೂ ಕಲ್ಲಿನಂತೆ ಇರುತ್ತಾಳೆ. ಅಳುವಾಗ ಎತ್ತಿಕೊಂಡರಷ್ಟೇ ಸುಮ್ಮನಾಗುತ್ತಾಳೆ, ಅವ್ವನ ದನಿಗೆ ಸುಮ್ಮನಾಗುವುದಿಲ್ಲ. ಮಾತಾಡಿಸಿದರೆ ನನ್ನ ಬಾಯನ್ನೇ ನೋಡುತ್ತಾಳೆ. ಆ ನೋಟ ನನಗೆ ಚೆನ್ನಾಗಿ ಗೊತ್ತು, ನಾನೂ ಹಾಗೇ ನೋಡುವವಳು.

ಈಗ ಹುಟ್ಟಿದ ಮಕ್ಕಳಿಗೆ ಆಸ್ಪತ್ರೆಯಲ್ಲೇ ಕಿವಿ ಪರೀಕ್ಷೆ ಮಾಡುತ್ತಾರಂತೆ. ಅಮೀರುನ್ನೀಸಾಳ ಮೊಮ್ಮಗನಿಗೆ ಮಾಡಿದ್ದರು. ಪುಟ್ಟಿಗೆ ಮಾಡಿದರಾ? ಏನಂದರು? ಅದನ್ನು ಬರೆ. ಮಾಡದಿದ್ದರೆ ಈ ವಾರವೇ ಕರೆದುಕೊಂಡು ಹೋಗಿ. ಮತ್ತೆ ಆ ಕಾಯಿಸಿದ ಎಣ್ಣೆ ಕಿವಿಗೆ ಬಿಡುವುದು, ಹತ್ತಿ ತುರುಕುವುದು ಎರಡನ್ನೂ ನಿಲ್ಲಿಸು.

ನಾಗಲಕ್ಷ್ಮಿ

*

ತಿಪ್ಪಸಂದ್ರ
29-1-2025

ಅಕ್ಕನಿಗೆ ನಮಸ್ಕಾರ.

ನಿನ್ನ ಕಾಗದ ಬಂತು. ದಿವ್ಯ ಕೈಗೆ ಸಿಗುವ ಮೊದಲು ನನ್ನ ಕೈಗೆ ಸಿಕ್ಕಿದ್ದು ದೇವರ ದಯೆ. ಅಕ್ಕ, ಬಾಣಂತಿ ಇರುವ ಮನೆಗೆ ಇಂಥ ಕಾಗದ ಬರೆಯುತ್ತಾರಾ? ಅವಳು ಓದಿದ್ದರೆ ಎದೆಯ ಹಾಲು ಬತ್ತಿಹೋಗುತ್ತಿತ್ತು.

ಮಗುವಿಗೆ ಏನೂ ಆಗಿಲ್ಲ. ಹುಟ್ಟಿ ಮನೆಗೆ ಬಂದ ದಿನ ನಾನೇ ತಲೆ ಹತ್ತಿರ ಊಟದ ಗಂಗಳ ಬಡಿದಿದ್ದೆ, ಮೈಯೆಲ್ಲ ಅದುರಿಸಿತ್ತು. ನಾನು ಕೋಣೆಗೆ ಕಾಲಿಟ್ಟರೆ ಕಣ್ಣು ಬಿಡುತ್ತಾಳೆ. ಕಬ್ಬಿಣದ ಬಾಗಿಲು ಹಾಕಿದರೆ ಏಳುತ್ತಾಳೆ. ಆ ಊ ಅಂತ ದಿನವೆಲ್ಲ ಮಾತಾಡುತ್ತಾಳೆ. ಕಿವಿ ಕೇಳಿಸದ ಮಗು ಮಾತಾಡುತ್ತದಾ, ನೀನೇ ಹೇಳು. ಮುಚ್ಚಳ ಬಿದ್ದಾಗ ಬೆಚ್ಚಲಿಲ್ಲ ಅಂದರೆ ಅದು ಧೈರ್ಯದ ಮಗು. ಅವಳ ತಾತನ ಥರ. ಎಣ್ಣೆ ಹತ್ತಿ ವಿಷಯಕ್ಕೆ ಬಂದರೆ, ನಮ್ಮವ್ವ ನಮಗೆಲ್ಲ ಬಿಟ್ಟಿದ್ದೇ. ಶೀತ ಆಗಬಾರದು ಅಂತ ಹತ್ತಿ ಇಟ್ಟಿದ್ದೆ, ಅದಕ್ಕೇ ಒಸಿ ಮಂದ ಕಂಡಿರಬೇಕು ನಿನಗೆ.

ಆಸ್ಪತ್ರೆಯವರು ಮಗುವಿನ ತೂಕ ಚೆನ್ನಾಗಿದೆ ಅಂದರು. ಕಾಮಾಲೆ ಇಲ್ಲ ಅಂದರು. ಮೂರನೇ ದಿನಕ್ಕೆ ಮನೆಗೆ ಕಳಿಸಿದರು.

ಬೇಜಾರು ಮಾಡಿಕೊಳ್ಳಬೇಡ, ಒಂದು ಮಾತು ಹೇಳುತ್ತೇನೆ. ಮೂವತ್ತು ವರ್ಷ ಆ ಮೆಷಿನ್ನಿನ ಸದ್ದಿನಲ್ಲಿ ಕೂತು ನಿನ್ನ ಕಿವಿ ಹೋಯಿತು. ಅದು ನಿನ್ನ ದುರದೃಷ್ಟ. ಹಾಗಂತ ಕಂಡ ಮಕ್ಕಳ ಕಿವಿಯನ್ನೆಲ್ಲ ಅನುಮಾನಿಸಿದರೆ ಹೇಗೆ? ಐದನೇ ತಿಂಗಳಲ್ಲಿ ತಾಯಿ ಮಗುವನ್ನು ಗಂಡನ ಮನೆಗೆ, ಕನಕಪುರಕ್ಕೆ ಕಳಿಸಬೇಕು. ಅಳಿಯ ಅನಂತರಾಜು ದಿನಾ ಕೇಳುತ್ತಿದ್ದಾನೆ. ಸೀರೆ, ತೊಟ್ಟಿಲು, ಬೀಗಿತ್ತಿಗೆ ಹೇಳುವುದು, ಎಲ್ಲ ತಲೆ ಮೇಲಿದೆ. ಅದರ ಮಧ್ಯೆ ನೀನು ಬೇರೆ ತಲೆ ತಿನ್ನಬೇಡ.

ಚಿಕ್ಕಲಕ್ಷ್ಮಿ

*

ಚನ್ನಪಟ್ಟಣ
5-2-2025

ಚಿಕ್ಕಲಕ್ಷ್ಮಿಗೆ,

ನಿನ್ನ ಕಾಗದ ಓದಿ ತಲೆ ಚಿಟ್ಟು ಹಿಡಿಯಿತು. ಕೇಳಿದ್ದು ಒಂದು, ನೀನು ಬರೆದಿದ್ದು ಮಗುವಿನ ತೂಕ. ಕಿವಿ ಪರೀಕ್ಷೆ ಮಾಡಿದರಾ ಇಲ್ಲವಾ ಅಂತ ಕೇಳಿದೆ ಕಣೇ. ಕಾಮಾಲೆಯನ್ನು ಯಾರು ಕೇಳಿದರು?

ಅಮೀರುನ್ನೀಸಾಳ ಸೊಸೆ ನರ್ಸು. ಅವಳನ್ನು ಕೂರಿಸಿಕೊಂಡು ನೀನು ಬರೆದಿದ್ದನ್ನು ಒಂದೊಂದಾಗಿ ಕೇಳಿದೆ. ಅವಳು ಚೀಟಿಯಲ್ಲಿ ಬರೆದುಕೊಟ್ಟಳು. ಗಂಗಳ ತಲೆ ಹತ್ತಿರ ಬಡಿದರೆ ಗಾಳಿ ಬೀಸಿದ್ದಕ್ಕೂ ಹಾಸಿಗೆ ಅದುರಿದ್ದಕ್ಕೂ ಮಗು ಬೆಚ್ಚುತ್ತದೆ. ಕಬ್ಬಿಣದ ಬಾಗಿಲು ಹಾಕಿದರೆ ಗೋಡೆಯೇ ನಡುಗುತ್ತದೆ, ನನಗೂ ಗೊತ್ತಾಗುತ್ತದೆ. ನೀನು ಕೋಣೆಗೆ ಬಂದರೆ ಬೆಳಕು ಅಡ್ಡವಾಗುತ್ತದೆ. ಇನ್ನು ಆ ಊ ಅನ್ನುವುದು. ಕೇಳಿಸದ ಮಕ್ಕಳೂ ಮೊದಲ ತಿಂಗಳುಗಳಲ್ಲಿ ಹಾಗೆ ಸದ್ದು ಮಾಡುತ್ತವಂತೆ. ಆಮೇಲೆ ಆಮೇಲೆ ಕಮ್ಮಿಯಾಗುತ್ತದಂತೆ. ಧೈರ್ಯದ ಮಗು ಅಂತ ನೀನು ಬರೆದಿದ್ದಕ್ಕೆ ಅವಳು ನಕ್ಕಳು. ನನಗೆ ನಗು ಬರಲಿಲ್ಲ.

ಇದರ ಜೊತೆ ಒಂದು ಗಿಲಕಿ ಕಳಿಸಿದ್ದೇನೆ. ನಾನೇ ಕಡೆದು ಹಸಿರು ಅರಗು ಹಚ್ಚಿದ್ದು. ಮಗು ಹೊಟ್ಟೆ ತುಂಬಿಸಿಕೊಂಡು ಎಚ್ಚರವಾಗಿ ಖುಷಿಯಾಗಿರುವಾಗ ದಿವ್ಯ ಎದುರಿಗೆ ಕೂತು ಅವಳ ಗಮನ ಹಿಡಿದಿರಲಿ. ನೀನು ಹಿಂದೆ ನಿಲ್ಲು. ಮೂರು ಅಡಿ ದೂರದಲ್ಲಿ. ನೆರಳು ಬೀಳಬಾರದು, ಬಳೆ ಸದ್ದಾಗಬಾರದು, ತೊಟ್ಟಿಲು ಮುಟ್ಟಬಾರದು. ಗಿಲಕಿ ಅವಳ ಕಣ್ಣಿಗೆ ಬೀಳಬಾರದು. ಆಡಿಸು. ಏನಾಯಿತು ಅಂತ ಇದ್ದದ್ದು ಇದ್ದಂಗೆ ಬರೆ. ಇದು ಮನೆಯಲ್ಲಿ ನೋಡಿಕೊಳ್ಳುವುದಕ್ಕೆ ಮಾತ್ರ. ತಿರುಗಿದರೂ ಆಸ್ಪತ್ರೆಗೆ ಹೋಗಲೇಬೇಕು.

ಕನಕಪುರಕ್ಕೆ ಕಳಿಸುವ ಮೊದಲೇ ಇದಾಗಬೇಕು. ಅಲ್ಲಿ ಹೋದ ಮೇಲೆ ಹೊಸ ಮನೆ, ನೆಂಟರು, ಪೂಜೆ ಅಂತ ಆರು ತಿಂಗಳು ಹಾರಿಹೋಗುತ್ತದೆ.

ನಾಗಲಕ್ಷ್ಮಿ

*

ತಿಪ್ಪಸಂದ್ರ
14-2-2025

ಅಕ್ಕನಿಗೆ ನಮಸ್ಕಾರ.

ಗಿಲಕಿ ತಲುಪಿತು. ತುಂಬಾ ಚೆನ್ನಾಗಿದೆ. ನಿನ್ನ ಕೈಯ ಕೆಲಸಕ್ಕೆ ಯಾರೂ ಸಾಟಿಯಿಲ್ಲ.

ನೀನು ಹೇಳಿದ ಹಾಗೇ ಮಾಡಿದೆ. ಮಗು ಥಟ್ಟನೆ ತಿರುಗಿ ನೋಡಿತು. ಒಂದು ಸಲ ಅಲ್ಲ, ಎರಡು ಸಲ. ಗಿಲಕಿಯ ಸದ್ದು ಎಷ್ಟು ಇಂಪಾಗಿದೆ ಅಂದರೆ ಪಕ್ಕದ ಮನೆಯವರೂ ಕೇಳಿ ಇಂಥದ್ದೇ ಒಂದು ಬೇಕು ಅಂದರು. ಇನ್ನಾದರೂ ಸಮಾಧಾನ ಆಯಿತಾ?

ಮಾರ್ಚ್ ಏಳಕ್ಕೆ ಕನಕಪುರಕ್ಕೆ ಕಳಿಸುವುದು ಅಂತ ದಿನ ಗೊತ್ತಾಯಿತು. ಶುಕ್ರವಾರ. ನೀನೂ ಎರಡು ದಿನ ಮೊದಲೇ ಬಾ. ಬಂದವಳು ಹಳೇ ರಾಗ ತೆಗೆಯಬೇಡ, ಅಷ್ಟು ಸಾಕು. ಬೀಗಿತ್ತಿಯೂ ಬರುತ್ತಾರೆ.

ಚಿಕ್ಕಲಕ್ಷ್ಮಿ

*

ಚನ್ನಪಟ್ಟಣ
18-2-2025

ಚಿಕ್ಕಲಕ್ಷ್ಮಿ,

ಆ ಗಿಲಕಿಯ ಹೊಟ್ಟೆಯಲ್ಲಿ ಮಣಿಯೇ ಇಲ್ಲ.

ನಾನೇ ಹಾಕದೆ ಮುಚ್ಚಿದೆ. ನೀನು ನಿಜವಾಗಿ ನೋಡಿ ಬರೆಯುತ್ತೀಯೋ ಇಲ್ಲ ನನ್ನ ಬಾಯಿ ಮುಚ್ಚಿಸಲು ಬರೆಯುತ್ತೀಯೋ ತಿಳಿಯಬೇಕಿತ್ತು. "ಅಕ್ಕ, ಇದು ಸದ್ದೇ ಮಾಡಲ್ಲ" ಅಂತ ಒಂದು ಸಾಲು ಬರೆದಿದ್ದರೆ ಸಾಕಿತ್ತು, ಮಣಿ ಇರುವುದನ್ನು ಮಾರನೇ ದಿನವೇ ಕಳಿಸುತ್ತಿದ್ದೆ. ಅದು ನನ್ನ ಬ್ಯಾಗಿನಲ್ಲಿ ಸಿದ್ಧವಾಗಿ ಕೂತಿದೆ. ನೀನು ಇಂಪಾದ ಸದ್ದು ಅಂತ ಬರೆದೆ. ಪಕ್ಕದ ಮನೆಯವರನ್ನೂ ಎಳೆದು ತಂದೆ.

ಒಂದು ಮಗುವಿನ ಬದುಕಿನ ವಿಷಯ ಇದು. ಅಲ್ಲೂ ಸುಳ್ಳು ಹೇಳುತ್ತೀಯಲ್ಲ, ನಿನಗೆ ಏನಾಗಿದೆ?

ನಾಗಲಕ್ಷ್ಮಿ

*

ಚನ್ನಪಟ್ಟಣ
28-2-2025

ಚಿಕ್ಕಲಕ್ಷ್ಮಿ,

ಹತ್ತು ದಿನ ಆಯಿತು. ಉತ್ತರವಿಲ್ಲ. ಪೋಸ್ಟ್‌ಮ್ಯಾನನ್ನು ದಿನಾ ಕೇಳಿ ಕೇಳಿ ಅವನು ಈಗ ನಮ್ಮ ಬೀದಿಗೆ ಬರುವ ಮೊದಲೇ ದೂರದಿಂದ ಕೈ ಆಡಿಸಿ ಹೋಗುತ್ತಾನೆ.

ಅಮೀರುನ್ನೀಸಾಳ ಕೈಯಲ್ಲಿ ನಿನಗೆ ಫೋನ್ ಮಾಡಿಸಿದೆ. "ಎಲ್ಲಾರೂ ಚೆಂದಾಗವ್ರಂತೆ ಅಕ್ಕ, ಊಟಕ್ಕೆ ಬಾ ಅಂದ್ರು" ಅಂದಳು. ಕಿವಿ ವಿಷಯ ಕೇಳಿದ್ದಕ್ಕೆ ಲೈನ್ ಕಟ್ ಆಯಿತಂತೆ. ಎಂಥ ಲೈನು ಅಂತ ನನಗೆ ಗೊತ್ತಿಲ್ಲವೇ.

ಮಾರ್ಚ್ ಏಳು ಬರುವ ಶುಕ್ರವಾರ. ಅಷ್ಟರೊಳಗೆ ನಿನ್ನಿಂದ ಉತ್ತರ ಬರದಿದ್ದರೆ ನಾನೇ ಬಸ್ಸು ಹತ್ತಿ ಬಂದು ಬೀಗಿತ್ತಿಯ ಎದುರಿಗೇ ಕೇಳುತ್ತೇನೆ. ಕಿವುಡಿಯ ದನಿ ಜೋರು, ಅದು ನಿನಗೆ ಗೊತ್ತು.

ನಾಗಲಕ್ಷ್ಮಿ

*

ತಿಪ್ಪಸಂದ್ರ
3-3-2025

ಅಕ್ಕ,

ಬರಬೇಡ. ಕೈ ಮುಗಿಯುತ್ತೇನೆ. ಎಲ್ಲ ಬರೆಯುತ್ತೇನೆ.

ನಾನು ಗಿಲಕಿ ಆಡಿಸಿದ್ದು ನಿಜ. ನೀನು ಹೇಳಿದ ಹಾಗೆ ಹಿಂದೆ ನಿಲ್ಲಲಿಲ್ಲ, ಪಕ್ಕದಲ್ಲಿ ನಿಂತೆ. ಆಡಿಸಿದರೆ ಸದ್ದೇ ಬರಲಿಲ್ಲ. ಕಿವಿ ಹತ್ತಿರ ಹಿಡಿದು ಆಡಿಸಿದೆ, ಇಲ್ಲ. ನನಗೆ ಕಣ್ಣಲ್ಲಿ ನೀರು ಬಂತು. ಅಕ್ಕನಿಗೆ ಈಗ ಮಣಿ ಸದ್ದೂ ಕೇಳಿಸುವುದಿಲ್ಲ, ಮಣಿ ಹಾಕಲು ಮರೆತದ್ದೂ ಗೊತ್ತಾಗಿಲ್ಲ, ಹೀಗೇ ಅಂಗಡಿಗೆ ಎಷ್ಟು ಕಳಿಸಿದ್ದಾಳೋ ಅಂದುಕೊಂಡೆ. ಅದನ್ನು ನಿನಗೆ ಹೇಗೆ ಬರೆಯಲಿ? ಅದಕ್ಕೇ ಇಂಪಾದ ಸದ್ದು ಅಂತ ಬರೆದೆ. ನಿನ್ನ ಮನಸ್ಸು ನೋಯಬಾರದು ಅಂತ. ನೀನು ಬೇಕೆಂದೇ ಮಾಡಿದ್ದು ಅಂತ ನನಗೆ ಹೇಗೆ ಗೊತ್ತಾಗಬೇಕು? ಯಾರಾದರೂ ತಂಗಿಗೆ ಹೀಗೆ ಬಲೆ ಹಾಕುತ್ತಾರಾ?

ಆದರೆ ಮಗು ತಿರುಗಿದ್ದು ನಿಜ ಅಕ್ಕ. ಸದ್ದಿಲ್ಲದ ಗಿಲಕಿಗೆ ತಿರುಗಿತು. ನನ್ನ ಕೈ ಆಡಿದ್ದನ್ನು ಕಂಡು ತಿರುಗಿತು. ನಾನು ದಡ್ಡಿಯಲ್ಲ, ಆ ಕ್ಷಣವೇ ತಿಳಿಯಿತು. ಆಮೇಲೆ ದಿವ್ಯ ಸ್ನಾನಕ್ಕೆ ಹೋದಾಗ ಹಿಂದೆ ನಿಂತು ಚಪ್ಪಾಳೆ ತಟ್ಟಿದೆ, ಲೋಟ ಬಡಿದೆ. ಏನೂ ಇಲ್ಲ.

ಇನ್ನೊಂದು ವಿಷಯವೂ ಇದೆ. ಆಸ್ಪತ್ರೆಯಲ್ಲಿ ಎರಡನೇ ದಿನ ಮಗುವಿನ ಕಿವಿಗೆ ಸಣ್ಣ ಬೆಂಡಿನಂಥದ್ದು ಇಟ್ಟು ಪರೀಕ್ಷೆ ಮಾಡಿದ್ದರು. ಎರಡೂ ಕಡೆ ಸರಿಯಾಗಿ ಬರಲಿಲ್ಲ, ಕೆಲವು ಮಕ್ಕಳಿಗೆ ಕಿವಿಯಲ್ಲಿ ನೀರಿದ್ದರೂ ಹೀಗಾಗುತ್ತೆ, ಗಾಬರಿ ಬೇಡ, ತಿಂಗಳೊಳಗೆ ಮತ್ತೆ ಕರೆದುಕೊಂಡು ಬನ್ನಿ ಅಂತ ಚೀಟಿ ಕೊಟ್ಟರು. ದಿವ್ಯ ಮಲಗಿದ್ದಳು, ನನ್ನ ಕೈಗೇ ಕೊಟ್ಟರು. ಚೀಟಿ ಬೀರುವಿನಲ್ಲಿ ನನ್ನ ಮದುವೆ ಸೀರೆಯ ಮಡಿಕೆಯಲ್ಲಿದೆ. ದಿವ್ಯಳಿಗೆ ಗೊತ್ತಿಲ್ಲ. ಯಾರಿಗೂ ಗೊತ್ತಿಲ್ಲ.

ನನ್ನ ಸಂಕಟ ನಿನಗೆ ಗೊತ್ತಾಗಲ್ಲ. ಗಂಡಿನ ಕಡೆಯವರು ಏನಂತಾರೆ? "ನಿಮ್ ಕಡೇದೇ ಇದು, ನಿಮ್ ಅಕ್ಕನೂ ಕಿವುಡಿ ಅಲ್ವಾ" ಅಂತಾರೆ. ಜೀವನಪೂರ್ತಿ ದಿವ್ಯ ಆ ಮಾತು ಕೇಳಿಕೊಂಡಿರಬೇಕು. ಮಗು ಮೊದಲು ಆ ಮನೆಗೆ ಹೋಗಲಿ, ಅಲ್ಲಿಯವರ ಮಡಿಲಿಗೆ ಬೀಳಲಿ, ಮುದ್ದು ಹತ್ತಲಿ. ಆಮೇಲೆ ಅವರೇ ಕಂಡುಕೊಂಡು ಅವರೇ ತೋರಿಸುತ್ತಾರೆ. ನಾಲ್ಕು ತಿಂಗಳಲ್ಲಿ ಏನು ಹಾಳಾಗುತ್ತದೆ?

ಬೈಯಬೇಡ. ಬಂದು ರಂಪ ಮಾಡಬೇಡ.

ಚಿಕ್ಕಲಕ್ಷ್ಮಿ

*

ಚನ್ನಪಟ್ಟಣ
5-3-2025

ಚಿಕ್ಕಲಕ್ಷ್ಮಿ,

ಇದನ್ನು ಪೋಸ್ಟಿಗೆ ಹಾಕಿದರೆ ಶುಕ್ರವಾರ ದಾಟುತ್ತದೆ. ಮಾಗಡಿಗೆ ಹೋಗುವ ನಮ್ಮ ಅಂಗಡಿಯ ಬೋರಲಿಂಗಯ್ಯನ ಕೈಯಲ್ಲಿ ಕಳಿಸುತ್ತಿದ್ದೇನೆ. ಅವನು ನಿನ್ನ ಕೈಗೇ ಕೊಟ್ಟು, ನೀನು ಓದಿದ್ದನ್ನು ಕಣ್ಣಾರೆ ನೋಡಿ ಬರಬೇಕು ಅಂತ ಹೇಳಿದ್ದೇನೆ.

ನಾಲ್ಕು ತಿಂಗಳಲ್ಲಿ ಏನು ಹಾಳಾಗುತ್ತದೆ ಅಂತ ಕೇಳಿದೆಯಲ್ಲ. ಮಗು ಮಾತು ಕಲಿಯುವುದು ಒಂದು ವರ್ಷ ಆದ ಮೇಲೆ ಅಂದುಕೊಂಡಿದ್ದೀಯ. ಕೇಳಿ ಕೇಳಿ ಅದು ಈಗಲೇ ಕಲಿಯುತ್ತಿರುತ್ತದೆ. ಆರು ತಿಂಗಳೊಳಗೆ ಕಿವಿಗೆ ಕೇಳಿಸುವ ಮೆಷಿನ್ ಹಾಕಿಸಿದ ಮಕ್ಕಳು ಬೇರೆ ಮಕ್ಕಳ ಜೊತೆಗೇ ಮಾತು ಕಲಿಯಬಹುದು, ತಡವಾದಷ್ಟೂ ಕಷ್ಟ ಅಂತ ನರ್ಸಮ್ಮ ಬರೆದುಕೊಟ್ಟಿದ್ದಾಳೆ. ಪುಟ್ಟಿಗೆ ಬರುವ ವಾರ ಐದು ತುಂಬುತ್ತದೆ. ಲೆಕ್ಕ ಹಾಕಿಕೊ.

ಇನ್ನು ನನ್ನ ಕಥೆ. ಮೆಷಿನ್ ಸದ್ದಿಗೆ ನನ್ನ ಕಿವಿ ಹೋಯಿತು ಅಂತ ಎಲ್ಲರಿಗೂ ಹೇಳಿಕೊಂಡು ಬಂದಿದ್ದೇನೆ. ಸುಳ್ಳು. ಮೆಷಿನ್ನು ತಿಂದದ್ದು ಉಳಿದಿದ್ದ ಅರ್ಧವನ್ನು. ಮೊದಲರ್ಧ ನನಗೆ ಹುಟ್ಟಿನಿಂದಲೇ ಇರಲಿಲ್ಲ. ಅವ್ವ ಕರೆದರೆ ಓಗೊಡುತ್ತಿರಲಿಲ್ಲ ಅಂತ ನನಗೆ ಮೊಂಡಿ ಅಂತ ಹೆಸರಿಟ್ಟಿದ್ದಳು. ಸೌದೆ ತುಂಡಲ್ಲಿ ಹೊಡೆಯುತ್ತಿದ್ದಳು. ಸ್ಕೂಲಲ್ಲಿ ಮೇಷ್ಟ್ರು ಹಲಗೆ ಕಡೆ ತಿರುಗಿ ಪಾಠ ಹೇಳಿದರೆ ನನಗೆ ಏನೂ ತಿಳಿಯುತ್ತಿರಲಿಲ್ಲ, ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು. ಎಲ್ಲರಿಗೂ ಹೀಗೇ ಅರ್ಧಂಬರ್ಧ ಕೇಳಿಸುತ್ತದೆ, ನಾನು ಮಾತ್ರ ದಡ್ಡಿ ಅಂದುಕೊಂಡಿದ್ದೆ. ಹದಿನಾರು ವರ್ಷದವರೆಗೆ ಹಾಗೇ ಅಂದುಕೊಂಡಿದ್ದೆ ಚಿಕ್ಕಲಕ್ಷ್ಮಿ. ಯಾರೂ ಹೇಳಲಿಲ್ಲ, ಯಾರಿಗೂ ಗೊತ್ತಿರಲಿಲ್ಲ. ಅವ್ವ ಓದಿದವಳಲ್ಲ, ಅವಳನ್ನು ಬೈಯಲಾರೆ.

ನಿನ್ನ ಕೈಯಲ್ಲಿ ಚೀಟಿ ಇದೆ. ನಿನ್ನನ್ನು ಬೈಯಬಲ್ಲೆ. ನಾಳೆಯೊಳಗೆ ಅದನ್ನು ದಿವ್ಯಳ ಕೈಗೆ ಕೊಡು. ನಿಮ್ಮ ಕಡೆಯದು ಅಂತ ಯಾರಾದರೂ ಅಂದರೆ ಹೌದು ಅನ್ನು. ಅಂದುಕೊಳ್ಳಲಿ. ನಾನು ಅರವತ್ತೊಂದು ವರ್ಷ ಅನ್ನಿಸಿಕೊಂಡಿದ್ದೇನೆ, ಸತ್ತಿಲ್ಲ.

ನಾಗಲಕ್ಷ್ಮಿ

*

ತಿಪ್ಪಸಂದ್ರ
19-3-2025

ಅಕ್ಕ,

ಬೋರಲಿಂಗಯ್ಯ ಬಾಗಿಲಲ್ಲೇ ನಿಂತು ನಾನು ಓದುವುದನ್ನೇ ನೋಡುತ್ತಿದ್ದ. ಕಾಫಿ ಕೊಟ್ಟರೂ ಕಣ್ಣು ಕದಲಿಸಲಿಲ್ಲ. ಅವನು ಹೋದ ಮೇಲೆ ಬೀರು ತೆಗೆದು ಚೀಟಿಯನ್ನು ದಿವ್ಯಳಿಗೆ ಕೊಟ್ಟೆ.

ಅವಳು ಓದಿದಳು. ದಿನಾಂಕ ನೋಡಿದಳು. "ಅಮ್ಮ, ಇದು ಅಕ್ಟೋಬರ್ ಚೀಟಿ" ಅಂದಳು. ಅಷ್ಟೇ. ಆಮೇಲೆ ಮೂರು ದಿನ ಮಗುವನ್ನು ನನ್ನ ಕೈಗೆ ಕೊಡಲಿಲ್ಲ. ಅನಂತರಾಜುಗೆ ಅವಳೇ ಫೋನ್ ಮಾಡಿದಳು. ಅವನು ಹಾಲಿನ ಡೈರಿ ಬಿಟ್ಟು ಒಂದೂವರೆ ಗಂಟೆಯಲ್ಲಿ ಬೈಕಲ್ಲಿ ಬಂದ. ಬೈಯುತ್ತಾನೆ ಅಂತ ನಾನು ಅಡುಗೆಮನೆ ಸೇರಿಕೊಂಡೆ. ಅಲ್ಲಿಗೇ ಬಂದ. "ಏನತ್ತೆ, ಡೈರೀಲಿ ಹಾಲಿನ ಟೆಸ್ಟು ಒಸಿ ಹೆಚ್ಚುಕಮ್ಮಿ ಬಂದ್ರೆ ಅವತ್ತೇ ಇನ್ನೊಂದ್ಸಲ ಮಾಡಿಸ್ತೀವಿ. ನನ್ ಮಗೀನ ಚೀಟಿ ಸೀರೆಯೊಳಗೆ ಇಟ್ಬುಟ್ರಾ?" ಅಂದ. ಅದಕ್ಕಿಂತ ಹೊಡೆದಿದ್ದರೆ ವಾಸಿಯಿತ್ತು.

ಕಳಿಸುವ ಶಾಸ್ತ್ರ ಮುಂದಕ್ಕೆ ಹಾಕಿದೆವು. ಬೀಗಿತ್ತಿ ಇನ್ನೂ ನನ್ನ ಜೊತೆ ಮಾತಾಡಿಲ್ಲ. ಮಾತಾಡುವುದೂ ಬೇಡ, ನನಗೆ ಈಗ ಆ ಚಿಂತೆ ಇಲ್ಲ.

ಹದಿನೇಳಕ್ಕೆ ಬೆಂಗಳೂರಿಗೆ ಕರೆದುಕೊಂಡು ಹೋದೆವು. ಮಗು ಮಲಗಿದ ಮೇಲೆ ತಲೆಗೆ ವೈರು ಅಂಟಿಸಿ ಪರೀಕ್ಷೆ ಮಾಡಿದರು. ಕಿವಿಗೆ ಸದ್ದು ಬಿಟ್ಟರೆ ಮಿದುಳಿಗೆ ತಲುಪುತ್ತದಾ ಅಂತ ನೋಡುವುದಂತೆ. ಎರಡು ಕಿವಿಯೂ ಮಂದ. ಪೂರ್ತಿ ಹೋಗಿಲ್ಲ. ಮೆಷಿನ್ ಹಾಕಿಸಿದರೆ ಕೇಳಿಸುತ್ತೆ, ಸರಿಯಾದ ಸಮಯಕ್ಕೆ ಬಂದಿರಿ ಅಂದರು ಡಾಕ್ಟರಮ್ಮ. ಸರಿಯಾದ ಸಮಯ ಅಂದಾಗ ದಿವ್ಯ ನನ್ನ ಕಡೆ ನೋಡಿದಳು.

ಮೆಷಿನ್ ಕೂರಿಸಲು ಕಿವಿಯ ಅಚ್ಚು ತೆಗೆದುಕೊಂಡಿದ್ದಾರೆ. ಏಪ್ರಿಲ್ ಏಳಕ್ಕೆ ಮೆಷಿನ್ ಹಾಕುತ್ತಾರೆ.

ಇಷ್ಟಕ್ಕೆ ಮುಗಿಸಬಹುದಿತ್ತು. ಆದರೆ ಡಾಕ್ಟರಮ್ಮ ಒಂದು ಫಾರಂ ಇಟ್ಟುಕೊಂಡು ಕೇಳಿದರು: "ಮನೇಲಿ ಚಿಕ್ಕಂದಿನಿಂದ ಕಿವಿ ಮಂದ ಇದ್ದವರು ಯಾರಾದ್ರೂ ಇದ್ದಾರಾ?" ಇಲ್ಲ ಅಂತ ನಾಲಿಗೆ ತುದಿಗೆ ಬಂತು. ನಿನ್ನ ಕಾಗದ ನೆನಪಾಗಿ ಹೌದು, ನನ್ನ ಅಕ್ಕ ಅಂದೆ. ಅದು ಯಾವಾಗ ಗೊತ್ತಾಯಿತು ಅಂದರು. ನನಗೆ ಆರು ವರ್ಷ ಇದ್ದಾಗ ಅಂದೆ. "ಆಗ ಯಾರಿಗೆ ಹೇಳಿದ್ರಿ?" ಅಂದರು.

ಯಾರಿಗೂ ಹೇಳಿರಲಿಲ್ಲ ಅಕ್ಕ.

ಯಾರಿಗೂ ಗೊತ್ತಿರಲಿಲ್ಲ ಅಂತ ನೀನು ಬರೆದಿದ್ದೀಯ. ನನಗೆ ಗೊತ್ತಿತ್ತು. ಬಾವಿ ಕಟ್ಟೆ ಹತ್ತಿರ ನೀನು ಪಾತ್ರೆ ಉಜ್ಜುತ್ತಿದ್ದೆ. ನಾನು ನಿನ್ನ ಬೆನ್ನ ಹಿಂದೆ ನಿಂತು ಮೂರು ಸಲ ಕರೆದೆ. ನೀನು ತಿರುಗಲಿಲ್ಲ. ಆಮೇಲೆ ನಾನು ಎದುರಿಗೆ ಬಂದ ಕೂಡಲೇ ನೀನು ನಕ್ಕೆ. ಸಿಟ್ಟಿಗೆ ಸುಮ್ಮನಿದ್ದವಳು ಹಾಗೆ ನಗುವುದಿಲ್ಲ. ನಿನಗೆ ಕೇಳಿಸುವುದಿಲ್ಲ ಅಂತ ಅವತ್ತೇ ತಿಳಿಯಿತು. ಆಮೇಲೂ ಎಷ್ಟೋ ಸಲ ಹಿಂದೆ ನಿಂತು ನೋಡಿದ್ದೇನೆ.

ಯಾಕೆ ಹೇಳಲಿಲ್ಲ ಅಂದರೆ, ನಿನ್ನನ್ನು ಹೊಡೆದ ಮೇಲೆ ಅವ್ವ ನನ್ನನ್ನು ಎತ್ತಿಕೊಂಡು, ನೋಡು ಇವಳು ಎಷ್ಟು ಜಾಣೆ, ಒಂದೇ ಸಲಕ್ಕೆ ಓಡಿ ಬತ್ತಾಳೆ ಅನ್ನುತ್ತಿದ್ದಳು. ನನಗೆ ಅದು ಬೇಕಾಗಿತ್ತು.

ಚಿಕ್ಕಲಕ್ಷ್ಮಿ

*

ಚನ್ನಪಟ್ಟಣ
30-3-2025

ಚಿಕ್ಕಲಕ್ಷ್ಮಿ,

ಮೂರು ಸಲ ಬರೆದು ಹರಿದು ಹಾಕಿದೆ. ಇದು ನಾಲ್ಕನೆಯದು.

ಪುಟ್ಟಿಯ ಪರೀಕ್ಷೆ ಆದದ್ದು ತಿಳಿದು ನೆಮ್ಮದಿಯಾಯಿತು. ಅವಳ ವಿಷಯ ಇಷ್ಟೇ. ಮೆಷಿನ್ನನ್ನು ಎಚ್ಚರ ಇರುವಷ್ಟು ಹೊತ್ತೂ ಹಾಕಿರಬೇಕು. ಕಿತ್ತು ಬಾಯಿಗೆ ಹಾಕಿಕೊಳ್ಳುತ್ತಾಳೆ, ನೋಡಿಕೊಳ್ಳಿ. ನೆಂಟರು ಬಂದಾಗ ಟೋಪಿ ಹಾಕಿ ಮುಚ್ಚಿದ್ದು ಗೊತ್ತಾದರೆ ನಾನು ಸುಮ್ಮನಿರುವುದಿಲ್ಲ.

ಏಳಕ್ಕೆ ನಾನು ಬರುವುದಿಲ್ಲ. ಅಂಗಡಿಯಲ್ಲಿ ಆರ್ಡರ್ ಇದೆ. ಆರ್ಡರ್ ಇಲ್ಲದಿದ್ದರೂ ಬರುತ್ತಿರಲಿಲ್ಲ.

ಆಗ ನಿನಗೆ ಬರೀ ಆರು ವರ್ಷ ಅಂತ ನನಗೆ ನಾನೇ ಹೇಳಿಕೊಳ್ಳುತ್ತಿದ್ದೇನೆ. ಆರು ವರ್ಷದ ಮಗುವಿನ ಮೇಲೆ ಎಂಥ ಸಿಟ್ಟು. ಆದರೆ ಆಮೇಲೆ ನಿನಗೆ ಹತ್ತಾಯಿತು, ಹದಿನೈದಾಯಿತು, ಅಮ್ಮನಾದೆ, ಅಜ್ಜಿಯಾದೆ. ಆ ಲೆಕ್ಕಕ್ಕೆ ಬಂದಾಗ ಕೈಯಲ್ಲಿದ್ದ ಉಳಿ ಜಾರಿ ನಿನ್ನೆ ಎರಡು ಗೊಂಬೆಯ ತಲೆ ಹಾಳು ಮಾಡಿದೆ. ಹೋಗಲಿ ಬಿಡು ಅಂತ ಬರೆಯಲು ಕುಳಿತೆ, ಆಗಲಿಲ್ಲ. ನೀನು ಸುಳ್ಳು ಬರೆದೆ ಅಂತ ನಿನ್ನನ್ನು ಅಷ್ಟು ಬೈದು ಈಗ ನಾನು ಸುಳ್ಳು ಬರೆಯಲಾರೆ.

ಒಂದು ವಿಷಯ ತಿಳಿಯಬೇಕು. ಬಾವಿ ಕಟ್ಟೆಯಲ್ಲಿ ಮೂರು ಸಲ ಕರೆದೆ ಅಂತ ಬರೆದಿದ್ದೀಯಲ್ಲ, ಏನಂತ ಕರೆದೆ? ಇಷ್ಟು ದಿನದಿಂದ ಅದೇ ತಲೆಯಲ್ಲಿ ಕೊರೆಯುತ್ತಿದೆ. ನನ್ನ ಮನಸ್ಸು ನೋಯದ ಹಾಗೆ ಬರೆಯಬೇಡ. ಇದ್ದದ್ದು ಇದ್ದಂಗೆ ಬರೆ.

ನಾಗಲಕ್ಷ್ಮಿ

*

ತಿಪ್ಪಸಂದ್ರ
8-4-2025

ಅಕ್ಕ,

ನಿನ್ನೆ ಮೆಷಿನ್ ಹಾಕಿದರು.

ಹಾಕುವಾಗ ಅತ್ತಳು. ಆಮೇಲೆ ಡಾಕ್ಟರಮ್ಮ ಸ್ವಿಚ್ ಹಾಕಿದರು. ಪುಟ್ಟಿಯ ಅಳು ಅರ್ಧಕ್ಕೆ ನಿಂತಿತು. ತನ್ನ ಅಳು ತನಗೇ ಕೇಳಿಸಿರಬೇಕು. ದಿವ್ಯಳನ್ನು ಹಿಂದಕ್ಕೆ ಕೂರಿಸಿ, ಕರೆಯಿರಿ ಅಂದರು. ದಿವ್ಯ ಮಗುವಿನ ಬೆನ್ನನ್ನೇ ನೋಡುತ್ತಾ ಕುಳಿತಳು. ಅನಂತರಾಜು, "ಕರಿ ಕಣಮ್ಮಿ, ಏನ್ ನೋಡ್ತಾ ಕುಂತಿದ್ದೀಯ" ಅಂತ ರೇಗಿದ. ಅವನ ಕಣ್ಣಲ್ಲೂ ನೀರಿತ್ತು. ಕೊನೆಗೆ ಅವಳು ಪುಟ್ಟೀ ಅಂದಳು. ಮಗು ನಿಧಾನವಾಗಿ ಕತ್ತು ತಿರುಗಿಸಿತು. ಎರಡನೇ ಸಲ ಬೇಗ ತಿರುಗಿಸಿತು. ಮುಂದೆ ಏನೇನು ಮಾಡಬೇಕು ಅಂತ ಪಟ್ಟಿ ಕೊಟ್ಟಿದ್ದಾರೆ. ತಿಂಗಳಿಗೆರಡು ಸಲ ಹೋಗಬೇಕು, ದಿನಾ ಮಾತಾಡಿಸಬೇಕು. ಪಟ್ಟಿ ದಿವ್ಯಳ ಹತ್ತಿರವೇ ಇದೆ, ನನ್ನ ಕೈಗೆ ಕೊಡಲಿಲ್ಲ. ಕೊಡದಿದ್ದದ್ದೇ ಸರಿ.

ನೀನು ಕೇಳಿದ್ದಕ್ಕೆ ಇದ್ದದ್ದು ಇದ್ದಂಗೆ ಬರೆಯುತ್ತೇನೆ.

ಮೊದಲೆರಡು ಸಲ ಅಕ್ಕಾ ಅಂತ ಕರೆದೆ. ಮೂರನೇ ಸಲ ಮೊಂಡಿ ಅಂತ ಕರೆದೆ. ಅದಕ್ಕೂ ನೀನು ತಿರುಗದೆ ಇದ್ದಾಗ ನನಗೆ ಖುಷಿಯಾಯಿತು.

ಚಿಕ್ಕಲಕ್ಷ್ಮಿ